ಬೆಕ್ಕು ಓಡಿಸುವ ಕನ್ನಡ

ಆ ದಿನ ಬೆಳಿಗ್ಗೆಯೂ ನಮ್ಮ ಕುಷಾಯಿಗೂಡದ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಯಜಮಾನರು ಕೊರಳಲ್ಲೇ ಇದ್ದ ಐಡಿ ಕಾರ್ಡನ್ನು ಮನೆಯೆಲ್ಲ ಹುಡುಕಿಸಿ ಫ್ಯಾಕ್ಟರಿ ಬಸ್ಸಿಗೆ ಓಡಿದ್ದರು. ನಾನು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದೆ. ಹಿಟ್ಟಿನ ಡಬ್ಬಿಗೆ ಒರಗಿ ಪಲ್ಲವಿಯ ಫೋನು ನಿಂತಿತ್ತು. ಅದರ ಮೂಲೆಯಲ್ಲಿ ಕೆಂಪು ಚುಕ್ಕೆ ಮಿನುಗುತ್ತಿತ್ತು. ನನ್ನ ಮಾತು ರೆಕಾರ್ಡ್ ಆಗುತ್ತಿತ್ತು.

ಪಲ್ಲವಿ ನನ್ನ ನಾದಿನಿಯ ಮಗಳು. ನಮ್ಮಲ್ಲೇ ಇದ್ದುಕೊಂಡು ತಾರ್ನಾಕದ ಕ್ಯಾಂಪಸ್ಸಿನಲ್ಲಿ ಭಾಷಾವಿಜ್ಞಾನ ಓದುತ್ತಿದ್ದಾಳೆ. ರಾಶಿಗಟ್ಟಲೆ ಬರಹ ನುಂಗಿ ಮಾತು ಕಲಿತ ಎಐ ಯಂತ್ರ ಮನುಷ್ಯರ ಹಾಗೆ ಮಾತಾಡುತ್ತದೋ ಇಲ್ಲವೋ ಎಂಬುದು ಅವಳ ಪ್ರಬಂಧದ ವಿಷಯ. ಯಂತ್ರಕ್ಕೊಂದು ಪ್ರಶ್ನೆ, ಮನುಷ್ಯರಿಗೂ ಅದೇ ಪ್ರಶ್ನೆ. ಈ ಪ್ರಬಂಧದಲ್ಲಿ ಮನುಷ್ಯರು ಎಂದರೆ ನಾನು. ಮದುವೆಯಾದಂದಿನಿಂದ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ರೆಕಾರ್ಡ್ ಮಾಡಿಕೊಳ್ಳುವುದಂತೂ ದೂರ. ಹಾಗಾಗಿ ಉಬ್ಬಿಹೋಗಿ, ಇಸ್ತ್ರಿ ಮಾಡಿದ ಸೀರೆಯುಟ್ಟು ರೊಟ್ಟಿ ಬಡಿಯುತ್ತಿದ್ದೆ.

"ಮಾಮಿ, ಬೆಕ್ಕು ಹಾಲಿಗೆ ಬಾಯಿ ಹಾಕೈತಿ. ಏನಂತೀರಿ?"

ಗಂಟಲು ಸರಿಮಾಡಿಕೊಂಡೆ. "ಅಯ್ಯೋ, ಬೆಕ್ಕು ಹಾಲನ್ನು ಕುಡಿಯುತ್ತಿದೆಯಲ್ಲಾ! ದಯವಿಟ್ಟು ಯಾರಾದರೂ ಬಂದು ಅದನ್ನು ಹೊರಗೆ ಕಳುಹಿಸುವಿರಾ?"

ಪಲ್ಲವಿ ಹಣೆ ಹಿಡಿದುಕೊಂಡಳು. "ಬೆಕ್ಕು ಅಷ್ಟೊತ್ತು ಕಾಯಂಗಿಲ್ರಿ ಮಾಮಿ. ದಿನಾ ಮಾತಾಡೋಹಂಗ ಮಾತಾಡ್ರಿ!"

ಅವಳಿಗೇನು ಗೊತ್ತು ನನ್ನ ಕಷ್ಟ. ನಾನು ಕಾನ್ವೆಂಟಿನಲ್ಲಿ ಓದಿದವಳು. ಕನ್ನಡದಲ್ಲಿ ಬಾಯಿಬಿಟ್ಟರೆ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅಲ್ಲಿಂದ ಕಿಟಕಿಯಾಚೆಯ ಪೇರಲ ಮರ ಚೆನ್ನಾಗಿ ಕಾಣುತ್ತಿತ್ತು, ಆ ಮಾತು ಬೇರೆ. ಒಟ್ಟಿನಲ್ಲಿ ನಾನು ಕನ್ನಡ ಕಲಿತದ್ದು ಮನೆಗೆ ಬರುತ್ತಿದ್ದ ವಾರಪತ್ರಿಕೆಗಳನ್ನು ಮುಖಪುಟದಿಂದ ತಲೆನೋವಿನ ಮುಲಾಮಿನ ಜಾಹೀರಾತಿನವರೆಗೆ ಬಿಡದೆ ಓದಿ. ಈಗಲೂ ತರಕಾರಿಯವನ ಹತ್ತಿರ ತೆಲುಗು, ಬೇಗಂ ಬಜಾರಿನಲ್ಲಿ ಹಿಂದಿ. ಕನ್ನಡದಲ್ಲಿ ಯಾರಾದರೂ ಕಿವಿಗೊಟ್ಟು ಕೇಳುತ್ತಾರೆಂದರೆ ಸಾಕು, ಮಾತು ಕೂಡ ಇಸ್ತ್ರಿಯಾಗಿಯೇ ಹೊರಬರುತ್ತದೆ. ಇದನ್ನೆಲ್ಲ ಅವಳಿಗೂ ಬಿಡಿಸಿ ಹೇಳಿದೆ.

"ಹಂಗಾರ ನೀವೂ ಓದೇ ಕಲ್ತೀರಿ, ಆ ಮಷಿನ್ನೂ ಓದೇ ಕಲ್ತೈತಿ," ಎಂದಳು ಪಲ್ಲವಿ ನಿಟ್ಟುಸಿರಿಟ್ಟು. ಮರುದಿನವೇ ಗೈಡಿಗೆ ತೋರಿಸಬೇಕಿತ್ತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು. ಯಂತ್ರದ ಉತ್ತರ, ನನ್ನ ಉತ್ತರ ಎರಡನ್ನೂ ಹೆಸರು ಹೇಳದೆ ಮೂರನೆಯವರಿಗೆ ಓದಿ ಹೇಳುವುದು. ಮನುಷ್ಯರದು ಯಾವುದೆಂದು ಅವರು ಗುರುತಿಸಿದರೆ ನನ್ನ ಸ್ಥಾನ ಭದ್ರ. ಇಲ್ಲವಾದರೆ ಬೇರೆ ಮನುಷ್ಯರನ್ನು ಹುಡುಕುವುದು. ಇಷ್ಟು ವರ್ಷ ಯಾರ ತಕರಾರೂ ಇಲ್ಲದೆ ಮನುಷ್ಯಳಾಗಿದ್ದವಳಿಗೆ ಈಗ ಪರೀಕ್ಷೆ!

ಸಂಜೆ ಪಕ್ಕದ ಮನೆಯ ಕಸ್ತೂರಿಬಾಯಿ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಯಾದಗಿರಿ ಕಡೆಯವರು, ಗಂಡ ಕಟ್ಟಡದ ಮೇಸ್ತ್ರಿ. ಅವರ ಮನೆಯಲ್ಲಿ ಅವರು ಬೆಕ್ಕನ್ನು ಬೈದರೆ ನಮ್ಮ ಮನೆಯ ಕಿಟಕಿಯಿಂದ ಪಾರಿವಾಳಗಳು ಹಾರಿಹೋಗುತ್ತವೆ. ಇದಕ್ಕಿಂತ ಒಳ್ಳೆಯ ನ್ಯಾಯಾಧೀಶರು ಸಿಗಲಾರರು. ನಾನು ಮಜ್ಜಿಗೆಯ ಜೊತೆ, ಕೇಳದಿದ್ದರೂ, ಎರಡು ಶೇಂಗಾ ಉಂಡೆ ಇಟ್ಟೆ.

ಪಲ್ಲವಿ ಮೊದಲು ನನ್ನ ಉತ್ತರ ಓದಿದಳು. ಆಮೇಲೆ ಯಂತ್ರದ್ದು: "ಏ ಏ ಏ! ಹೋಗತ್ಲಾಗೆ! ಹಾಲೆಲ್ಲಾ ಹಾಳು ಮಾಡ್ತು ಈ ದರಿದ್ರ ಬೆಕ್ಕು!"

"ಈಗ ಹೇಳ್ರಿ, ಯಾವ್ದು ಮನಷ್ಯಾರ್ದು, ಯಾವ್ದು ಮಷಿನ್ನಿಂದು?"

ಕಸ್ತೂರಿಬಾಯಿ ಉಂಡೆ ಅಗಿಯುವುದನ್ನೂ ನಿಲ್ಲಿಸಲಿಲ್ಲ. "ಎರಡನೇದು ಮನಷ್ಯಾರ್ದು. ಯಾವಾಕಿನೋ ಪಾಪ, ನಮ್ಮಂಗ ಹೊಟ್ಟಿ ಉರಕೊಂಡಾಕಿ."

"ಮೊದಲನೆಯದನ್ನು ಇನ್ನೊಮ್ಮೆ ಕೇಳಿ ನೋಡುವಿರಾ?" ಎಂದೆ ನಾನು, ಮೆಲ್ಲಗೆ.

"ಅದು ಮಷಿನ್ನೇ ಬಿಡ್ರಿ. ಭಾಳ ಸಂಭಾವಿತ ಐತಿ," ಎನ್ನುತ್ತ ಅವರು ಚಪ್ಪಲಿ ಮೆಟ್ಟಿದರು. ಬಾಗಿಲಲ್ಲಿ ಏನೋ ಹೊಳೆದವರಂತೆ ಪಲ್ಲವಿಯ ಕಡೆ ತಿರುಗಿದರು. "ನಿಮ್ಮ ಮಾಮಿಗೂ ಅಂಥಾದೊಂದು ತರಿಸಿ ಕೊಡವಾ. ಈ ಓಣ್ಯಾಗ ಅವರಂಗ ಮಾತಾಡವ್ರು ಒಬ್ರೂ ಇಲ್ಲ, ಜೋಡಿ ಆಕ್ಕೈತಿ."