ಟ್ರಿಫೀನಾ ಅವರ ಹಿಂಬಾಗಿಲನ್ನು ಯಾರೂ ತಟ್ಟದಿರುವ ಬಗ್ಗೆ

ಅತಿಥಿ ಸೌಕರ್ಯ ಇಲಾಖೆ
ಮಿಟನ್ ದ್ವೀಪ, ನ್ಯೂಫೌಂಡ್‌ಲ್ಯಾಂಡ್
(ಕಚೇರಿ: ಹಳೆಯ ಉಪ್ಪುಮೀನಿನ ಕೊಟ್ಟಿಗೆಯ ಅಟ್ಟ. ತಲೆ ಬಗ್ಗಿಸಿ ಬರುವುದು.)

ಸಂಖ್ಯೆ: ಅಸೌಇ/ಹಿಂಬಾ/ತಟ್ಟು/೨
ದಿನಾಂಕ: ಆಗಸ್ಟ್ ತಿಂಗಳು, ಮಂಗಳವಾರ, ಮಂಜು ಸರಿದ ಮೇಲೆ

ಸುತ್ತೋಲೆ

ವಿಷಯ: ದ್ವೀಪದ ನಿವಾಸಿಗಳು ಶ್ರೀಮತಿ ಟ್ರಿಫೀನಾ ಕೀಪಿಂಗ್ ಅವರ ಅಡುಗೆಮನೆಗೆ ಮೊದಲಿನಂತೆಯೇ ಹೇಳದೆ ಕೇಳದೆ ನುಗ್ಗುವ ಕುರಿತು.

ಉಲ್ಲೇಖ: ೧) ಇದೇ ಇಲಾಖೆಯ ಸುತ್ತೋಲೆ ಸಂಖ್ಯೆ ಅಸೌಇ/ಹಿಂಬಾ/ತಟ್ಟು/೧ (ಓದಬಾರದು).
೨) ಶ್ರೀ ಅಜರೈಯಾ ರೈಡೌಟ್ ಅವರು ದೋಣಿಕಟ್ಟೆಯಲ್ಲಿ ನಾಲ್ಕು ಜನರ ಎದುರು ಇಲಾಖೆಯ ಅಧಿಕಾರಿಗೆ ಆಡಿದ ಮಾತುಗಳು (ಪೂರ್ತಿ ನಮೂದಿಸಲು ಬರುವಂಥವಲ್ಲ).

ಪ್ರಸ್ತಾವನೆ:

ಈ ಇಲಾಖೆಯು ಹಂಚುವ ಕರಪತ್ರದ ಪ್ರಕಾರ ದ್ವೀಪಕ್ಕೆ ಬರುವ ಅತಿಥಿಗಳಿಗೆ ಮೂರು ಬಾಬ್ತುಗಳನ್ನು ಒದಗಿಸಬೇಕಾಗಿರುತ್ತದೆ: ಕಡಲಬಂಡೆಗಳ ಮೇಲಿನ ಕಾಲುದಾರಿ, ತಾಜಾ ಮೀನು, ಮತ್ತು ಸ್ಥಳೀಯ ಸಂಸ್ಕೃತಿ. ಮೊದಲ ಎರಡು ಎಲ್ಲಿವೆ ಎಂಬುದು ಇಲಾಖೆಗೆ ತಿಳಿದಿತ್ತು. ಮೂರನೆಯದನ್ನು ಹುಡುಕಲು ಅಧಿಕಾರಿಯು ದ್ವೀಪವನ್ನೆಲ್ಲ ಸುತ್ತಿ, ದಣಿದು, ನಮ್ಮಲ್ಲಿರುವ ಒಂದೇ ಒಂದು ಅತಿಥಿಗೃಹದ ಒಡತಿಯಾದ ಶ್ರೀಮತಿ ಟ್ರಿಫೀನಾ ಅವರ ಅಡುಗೆಮನೆಯಲ್ಲಿ ಕುಳಿತು ವರದಿ ಬರೆಯಲು ತೊಡಗಿದರು. ಅಲ್ಲಿ ನೆರೆದಿದ್ದವರ ಹಾಡು, ಚಾಡಿ, ಜಗಳ ಹಾಗೂ ಅಕಾರ್ಡಿಯನ್ ಸದ್ದಿಗೆ ಒಂದು ಸಾಲೂ ಮುಂದೆ ಹೋಗದ ಕಾರಣ "ಸಂಸ್ಕೃತಿ ಪತ್ತೆಯಾಗಿಲ್ಲ" ಎಂದು ಷರಾ ಬರೆದು ಎದ್ದುಬಂದರು. ಇಲಾಖೆಯ ಬುದ್ಧಿಮಟ್ಟಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಕಳೆದ ಜೂನ್ ತಿಂಗಳಲ್ಲಿ ಟೊರಾಂಟೊದಿಂದ ಬಂದ ಮಹಿಳೆಯೊಬ್ಬರು ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಹೊರಬಂದಾಗ, ಅಡುಗೆಮನೆಯಲ್ಲಿ ಐದಾರು ಜನ ಅಪರಿಚಿತರು ಚಹಾ ಕುಡಿಯುತ್ತಿದ್ದುದೂ, ಅವರಲ್ಲೊಬ್ಬರು ಆಕೆಯ ಮಂಡಿನೋವಿನ ಬಗ್ಗೆ ವಿಚಾರಿಸಿದ್ದೂ ವರದಿಯಾಗಿರುತ್ತದೆ. ಆಕೆ "ಇವರೆಲ್ಲ ಯಾರು?" ಎಂದಷ್ಟೇ ಕೇಳಿದರು. ನಗುತ್ತಲೇ ಕೇಳಿದರು. ಆದರೆ ಇಲಾಖೆಗೆ ಅದುವರೆಗೆ ಒಂದೂ ದೂರು ಬಂದಿರಲಿಲ್ಲವಾದ್ದರಿಂದ, ಹಸಿದವನಿಗೆ ಹಳಸಿದ್ದೂ ಮೃಷ್ಟಾನ್ನ ಎಂಬಂತೆ, ಸದರಿ ಪ್ರಶ್ನೆಯನ್ನೇ ದೂರೆಂದು ದಾಖಲಿಸಿಕೊಂಡು ಸುತ್ತೋಲೆ ೧ನ್ನು ಹೊರಡಿಸಲಾಯಿತು. ಅದರಂತೆ ಪ್ರತಿಯೊಬ್ಬ ನಿವಾಸಿಯೂ ಅತಿಥಿಗೃಹದ ಬಾಗಿಲನ್ನು ತಟ್ಟಿ, ಒಳಗಿನಿಂದ ಉತ್ತರ ಬರುವವರೆಗೆ ಹೊರಗೆ ನಿಲ್ಲತಕ್ಕದ್ದೆಂದು ವಿಧಿಸಲಾಯಿತು.

ನಮ್ಮಲ್ಲಿ ಬಾಗಿಲು ತಟ್ಟುವವರು ಇಬ್ಬರೇ: ಒಬ್ಬರು ಪೊಲೀಸರು, ಇನ್ನೊಬ್ಬರು ಕಡಲಿನಿಂದ ಕೆಟ್ಟ ಸುದ್ದಿ ತರುವ ಪಾದ್ರಿ. ಉಳಿದವರೆಲ್ಲ ಹಿಂಬಾಗಿಲು ನೂಕಿ ಒಳಗೆ ಬರುತ್ತಾರೆ. ಇದೇ ದ್ವೀಪದಲ್ಲಿ ಹುಟ್ಟಿ ಬೆಳೆದ ಅಧಿಕಾರಿಗೆ ಇದು ಗೊತ್ತಿತ್ತು. ಪೆನ್ನು ಕೈಗೆ ಬಂದ ಕೂಡಲೇ ಮರೆತುಹೋಯಿತು.

ಆದೇಶ ಜಾರಿಯಾದ ದಿನ ಬೆಳಿಗ್ಗೆ ಶ್ರೀ ಅಜರೈಯಾ ಅವರು, ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಸರ್ಕಾರಿ ಆದೇಶವನ್ನು ಪಾಲಿಸುವ ಹುಮ್ಮಸ್ಸಿನಲ್ಲಿ, ಆ ಬಾಗಿಲನ್ನು ಬಲವಾಗಿ ತಟ್ಟಿದರು. ಒಳಗೆ ಶ್ರೀಮತಿ ಟ್ರಿಫೀನಾ ಅವರು ಕಾಡ್ ಮೀನಿನ ನಾಲಿಗೆಗಳನ್ನು ಹುರಿಯುತ್ತಿದ್ದರು. ಅವರ ತಮ್ಮ ಲಿಯಾಂಡರ್ ಅಂದು ಏಡಿ ಹಿಡಿಯುವ ದೋಣಿಯಲ್ಲಿದ್ದ. ಹೊರಗೆ ಗಾಳಿ ಎದ್ದಿತ್ತು. ಬಾಣಲೆ ಕೆಳಗೆ ಬಿತ್ತು, ಆಕೆಯೂ ನೆಲದ ಮೇಲೆ ಕುಸಿದು ಕುಳಿತರು. ಬಾಗಿಲು ತೆರೆಯದಿದ್ದರೆ ಸುದ್ದಿ ನಿಜವಾಗುವುದಿಲ್ಲ ಎಂದುಕೊಂಡು ತೆರೆಯಲಿಲ್ಲ. ಹೊರಗಿದ್ದವರು ಉತ್ತರ ಬಾರದೆ ಒಳಗೆ ಹೋಗುವಂತಿರಲಿಲ್ಲ. ಸಾಕಷ್ಟು ಹೊತ್ತಿನ ಮೇಲೆ ಶ್ರೀ ಅಜರೈಯಾ ಅವರು ಕಿಟಕಿಯಲ್ಲಿ ಮುಖವಿಟ್ಟು, "ಏ ಟ್ರಿಫಿ, ಬದುಕಿದ್ಯಾ ಮಾರಾಯ್ತಿ? ಚಾ ಕೊಡ್ತೀಯೋ, ಇಲ್ಲೇ ನಿಂತು ಬೇರು ಬಿಡ್ಲೋ?" ಎಂದು ಕೂಗಿದ ನಂತರವೇ ಆಕೆಗೆ ತಮ್ಮ ಬದುಕಿದ್ದಾನೆಂದು ಖಾತ್ರಿಯಾಯಿತು. ಆಮೇಲೆ ಆಕೆ ಅತ್ತದ್ದು ಕಾಲುದಾರಿಯವರೆಗೂ ಕೇಳಿಸಿತು.

ಅಂದಿನಿಂದ ಆ ಬಾಗಿಲನ್ನು ತಟ್ಟಲು ಯಾರಿಗೂ ಮನಸ್ಸಿಲ್ಲ. ತಟ್ಟದೆ ಒಳಗೆ ಹೋಗೋಣವೆಂದರೆ ಬಾಗಿಲ ಮೇಲೆಯೇ ಸುತ್ತೋಲೆ ಅಂಟಿಕೊಂಡಿದೆ. ಹೀಗಾಗಿ ಯಾರೂ ಹೋಗುವುದನ್ನೇ ಬಿಟ್ಟಿರುತ್ತಾರೆ. ಅತಿಥಿಗಳು ಬಂಡೆಗಳ ಮೇಲೆ ನಡೆದು ದಣಿದು ಬಂದು, ಮೀನು ತಿಂದು, ಗಡಿಯಾರದ ಸದ್ದು ಕೇಳಿ, ಮರುದಿನವೇ ದೋಣಿ ಹತ್ತುತ್ತಿದ್ದಾರೆ. ಶ್ರೀಮತಿ ಟ್ರಿಫೀನಾ ಅವರು ಬರುವ ಶನಿವಾರದ ದೋಣಿಯಲ್ಲಿ ರಾಜಧಾನಿ ಸೇಂಟ್ ಜಾನ್ಸ್‌ನ ತಂಗಿಯ ಮನೆಗೆ ಹೊರಡುವುದಾಗಿಯೂ, ಹಿಂದಿರುಗುವುದಿಲ್ಲವೆಂದೂ ತಿಳಿಸಿರುತ್ತಾರೆ. ಕಾರಣ ಕೇಳಿದ ಅಂಗಡಿಯ ಎಫಿ ಅವರಿಗೆ ಆಕೆ ಕೊಟ್ಟ ಹೇಳಿಕೆ ಯಥಾವತ್ತಾಗಿ ಹೀಗಿದೆ: "ತಟ್ಟಿಸ್ಕೊಂಡೇ ಬಾಗ್ಲು ತೆಗೀಬೇಕು ಅಂದ್ರೆ ಪಟ್ನದಲ್ಲೇ ಇರ್ತೀನಿ ಕಣೆ ಎಫಿ. ಅಲ್ಲಿ ನನ್ನ ಯಾರೂ ಗುರ್ತಿಸಲ್ಲ, ಅದಕ್ಕೇ ಬೇಜಾರೂ ಆಗಲ್ಲ. ಇಲ್ಲಿ ಎಲ್ರೂ ಗೊತ್ತಿದ್ದೂ ಯಾರೂ ಬರ್ದಿದ್ರೆ ಹೆಂಗೆ ತಡ್ಕೊಳ್ಳೋದು?"

ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ನಿದ್ದೆಗೆಟ್ಟು, ಈ ಕೆಳಗಿನಂತೆ ಆದೇಶಿಸಲಾಗಿದೆ.

೧. ಸುತ್ತೋಲೆ ೧ನ್ನು ಸಂಪೂರ್ಣವಾಗಿ ಹಿಂಪಡೆಯಲಾಗಿದೆ. ಅದನ್ನು ದೋಣಿಯ ಬಿರುಕು ಮುಚ್ಚುವ ಅಂಟಿನಿಂದ ಅಂಟಿಸಿದ್ದರಿಂದ ಬಾಗಿಲಿನಿಂದ ಕೀಳಲು ಸಾಧ್ಯವಾಗುತ್ತಿಲ್ಲ. ಇಲಾಖೆಯು ಈವರೆಗೆ ಗಟ್ಟಿಯಾಗಿ ಮಾಡಿದ ಕೆಲಸ ಅದೊಂದೇ. ಎಲ್ಲರೂ ಅದು ಕಾಣದವರಂತೆ ವರ್ತಿಸತಕ್ಕದ್ದು.

೨. "ತಟ್ಟುವುದು" ಎಂದರೆ ಬೆರಳಗೆಣ್ಣು, ಕೋಲು, ದೋಣಿಯ ಹುಟ್ಟು, ಅಥವಾ ಹೆಪ್ಪುಗಟ್ಟಿದ ಮೀನಿನಿಂದ ಬಾಗಿಲಿನ ಮೇಲೆ ಸದ್ದು ಮಾಡುವುದು ಎಂದು ತಿಳಿಯತಕ್ಕದ್ದು. ಗಾಳಿಗೆ ವಿನಾಯಿತಿ ನೀಡಲಾಗಿದೆ. ಗಾರ್ಲಂಡ್ ಪೆಲ್ಲಿ ಅವರ ಟಗರು ಕೊಂಬಿನಿಂದ ಸದರಿ ಬಾಗಿಲನ್ನು ಗುದ್ದುತ್ತಿರುವುದು ಗಮನಕ್ಕೆ ಬಂದಿದ್ದು, ಅದಕ್ಕೆ ಮೌಖಿಕವಾಗಿ ಎಚ್ಚರಿಕೆ ನೀಡಲಾಗಿದೆ. ಅದು ಅಧಿಕಾರಿಯನ್ನೂ ಗುದ್ದಿತು.

೩. ಪ್ರವೇಶದ ಕ್ರಮ: ಹಿಂಬದಿಯ ಜಗಲಿಯಲ್ಲಿ ಬೂಟಿನ ಕೆಸರನ್ನು ಜೋರಾಗಿ ಉಜ್ಜತಕ್ಕದ್ದು. ಹವಾಮಾನದ ಬಗ್ಗೆ ಒಂದು ಗೊಣಗಾಟವನ್ನು ಜಗಲಿಯಲ್ಲಿ ಆರಂಭಿಸಿ ಒಲೆಯ ಬಳಿ ಮುಕ್ತಾಯಗೊಳಿಸತಕ್ಕದ್ದು. ಹವಾಮಾನ ಚೆನ್ನಾಗಿದ್ದಲ್ಲಿ, ಇದು ಬಹಳ ದಿನ ಇರುವುದಿಲ್ಲ ಎಂದು ಗೊಣಗುವುದು.

೪. ಮನೆಯ ಮುಂಬಾಗಿಲಿಗೆ ಎಂದೂ ಮೆಟ್ಟಿಲು ಕಟ್ಟಿಲ್ಲದ ಕಾರಣ ಅದು ನೆಲದಿಂದ ಎದೆಯೆತ್ತರದಲ್ಲಿದೆ. ಅದರ ಕೆಳಗೆ ನಿಂತು ಮೇಲೆ ನೋಡುತ್ತಿರುವವರು ಅತಿಥಿಗಳೆಂದು ಭಾವಿಸಿ, ಕೈಹಿಡಿದು ಹಿಂಬದಿಗೆ ಕರೆತರತಕ್ಕದ್ದು. ಅವರು ಕುಳಿತು ಚಹಾ ಕೈಗೆತ್ತಿಕೊಳ್ಳುವವರೆಗೆ ನಗಬಾರದೆಂದು ಈ ಮೂಲಕ ಸೂಚಿಸಲಾಗಿದೆ.

೫. ಕಾಲುದಾರಿಯಲ್ಲಿ "ಅತಿಥಿಗೃಹ: ದಯವಿಟ್ಟು ತಟ್ಟಿರಿ" ಎಂದು ಇಲಾಖೆ ನೆಟ್ಟಿದ್ದ ಫಲಕವನ್ನು ತುರ್ತಾಗಿ ಬೇರೆಡೆಗೆ ತಿರುಗಿಸಲಾಗಿತ್ತು. ಈಗ ಅದು ಸಮುದ್ರವನ್ನು ತೋರಿಸುತ್ತಿದೆ. ಇಬ್ಬರು ಅತಿಥಿಗಳು ಸೂಚನೆಯನ್ನು ನಂಬಿ ಮೊಣಕಾಲುದ್ದ ನೀರಿನವರೆಗೆ ಹೋಗಿ, ತಟ್ಟಲು ಏನೂ ಸಿಗದೆ ಹಿಂದಿರುಗಿರುತ್ತಾರೆ. ಫಲಕವನ್ನು ಸೌದೆಯಾಗಿ ಪರಿವರ್ತಿಸಲು ಮಂಜೂರಾತಿ ನೀಡಲಾಗಿದೆ.

೬. ಬಂಡೆದಾರಿಯ ಜವುಗಿನಲ್ಲಿ ಒಮ್ಮೆಯಾದರೂ ಜಾರಿಬಿದ್ದ ಅತಿಥಿಯನ್ನು ನಿವಾಸಿಯೆಂದೇ ಪರಿಗಣಿಸಿ ಒಣ ಕಾಲುಚೀಲ ಕೊಡತಕ್ಕದ್ದು. ಬೀಳದವರು ಇನ್ನೊಮ್ಮೆ ಹೋಗಿಬರಬಹುದು. ಟವೆಲ್‌ನಲ್ಲಿರುವ ಅತಿಥಿ ಎದುರಾದಲ್ಲಿ ಹಾಜರಿರುವವರೆಲ್ಲ ಒಲೆಯ ಕಡೆ ನೋಡತಕ್ಕದ್ದು. ಮಂಡಿನೋವಿನ ವಿಚಾರಣೆಯನ್ನು ಆಕೆ ಬಟ್ಟೆ ಹಾಕಿಕೊಂಡು ಬರುವವರೆಗೆ ಮುಂದೂಡತಕ್ಕದ್ದು.

೭. ಮೀನಿನ ನಾಲಿಗೆ ಎಂದರೆ ನಿಜವಾಗಿಯೂ ನಾಲಿಗೆಯೇ ಎಂದು ಕೇಳುವ ಅತಿಥಿಗೆ ಎರಡನೇ ಸಲ ಬಡಿಸಿದ ನಂತರವೇ ಉತ್ತರಿಸತಕ್ಕದ್ದು. ಮೂರನೇ ಸಲವೂ ಕೇಳಿ ಹಾಕಿಸಿಕೊಂಡವರಿಗೆ ಉತ್ತರದ ಅಗತ್ಯವಿರುವುದಿಲ್ಲ.

೮. ಸಂಜೆ ಏಳಕ್ಕೆ ಅಕಾರ್ಡಿಯನ್, ಎಂಟಕ್ಕೆ ಸುಳ್ಳುಕಥೆ ಎಂದು ಇಲಾಖೆ ರಚಿಸಿದ್ದ ಸಂಸ್ಕೃತಿಯ ವೇಳಾಪಟ್ಟಿಯನ್ನು ರದ್ದುಪಡಿಸಲಾಗಿದೆ. ಶ್ರೀ ಅಜರೈಯಾ ಅವರ ಕಥೆಯಲ್ಲಿ ಬರುವ ತಿಮಿಂಗಿಲದ ಉದ್ದವನ್ನು ಏಕರೂಪತೆಯ ದೃಷ್ಟಿಯಿಂದ ನಲವತ್ತು ಅಡಿಗೆ ನಿಗದಿಪಡಿಸಿದ್ದ ಆದೇಶವನ್ನೂ ಹಿಂಪಡೆಯಲಾಗಿದೆ. ಈ ಬಗ್ಗೆ ಅವರು ಅಧಿಕಾರಿಗೆ ಸಲ್ಲಿಸಿದ ಆಕ್ಷೇಪಣೆ: "ಲೋ ಹೆಡ್ಲಿ, ಟೇಪ್ ಹಿಡ್ಕೊಂಡು ನೀನ್ ಬಂದಿದ್ಯೇನೋ ಅಲ್ಲಿ? ನನ್ನ ತಿಮಿಂಗ್ಲ, ನಾನ್ ಹೇಳಿದಷ್ಟು ಉದ್ದ. ಹಟ ಮಾಡಿದ್ರೆ ಇನ್ನೂ ಬೆಳ್ಸ್ತೀನಿ ನೋಡು!" ಆಕ್ಷೇಪಣೆಯನ್ನು ಅಂಗೀಕರಿಸಲಾಗಿದೆ.

೯. ಅತಿ ಜರೂರು. ಬರುವ ಗುರುವಾರ ಸಂಜೆಯೊಳಗೆ ದ್ವೀಪದ ಎಲ್ಲ ನಿವಾಸಿಗಳೂ ಶ್ರೀಮತಿ ಟ್ರಿಫೀನಾ ಅವರ ಅಡುಗೆಮನೆಯೊಳಗೆ ತಟ್ಟದೆ ಪ್ರವೇಶಿಸಿರತಕ್ಕದ್ದು. ಈ ಸುತ್ತೋಲೆಯ ಕಾರಣದಿಂದ ಬಂದವರಂತೆ ಯಾರೂ ಮುಖ ಮಾಡಬಾರದು. ಹೂವು ಒಯ್ಯಬಾರದು, ಒಯ್ದರೆ ಯಾರೋ ಸತ್ತರೆಂದೇ ಆಕೆ ತಿಳಿದಾರು. ಕ್ಷಮೆ ಕೇಳಬಾರದು, ಕೇಳಿದರೆ ತಪ್ಪು ಮಾಡಿದವರೆಲ್ಲಿ ಎಂಬ ಪ್ರಶ್ನೆ ಏಳುತ್ತದೆ, ಅವರು ಅಟ್ಟದ ಮೇಲಿದ್ದಾರೆ. ಚಹಾ ನೀರಾಗಿದೆ ಎಂದು ಎಂದಿನಂತೆ ದೂರಬಹುದು. ಆಕೆಯ ಪೆಟ್ಟಿಗೆ ಕಂಡಲ್ಲಿ ಅದರ ಮೇಲೆ ಕುಳಿತುಕೊಳ್ಳತಕ್ಕದ್ದು; ತೂಕವುಳ್ಳವರಿಗೆ ಆದ್ಯತೆ.

೧೦. ಇಲಾಖೆಯ ಸಿಬ್ಬಂದಿಗೂ ಖಂಡ ೯ ಅನ್ವಯಿಸುತ್ತದೆ. ಸಿಬ್ಬಂದಿ ಎಂದರೆ ಅಧಿಕಾರಿಯೊಬ್ಬರೇ. ಸದರಿಯವರು ಕಳೆದ ಕೆಲವು ವಾರಗಳಲ್ಲಿ ಆ ಜಗಲಿಯವರೆಗೆ ಹಲವು ಸಲ ಹೋಗಿ, ತಾವೇ ಬರೆದ ನಿಯಮವಿರುವುದರಿಂದ ತಟ್ಟದೆ ಒಳಗೆ ಹೋಗಲಾರದೆ, ಆಕೆಯ ಅಳು ಕೇಳಿದ್ದರಿಂದ ತಟ್ಟಲೂ ಆಗದೆ, ಬಂಡೆದಾರಿ ಹಿಡಿದು ದ್ವೀಪವನ್ನು ಒಂದು ಸುತ್ತು ಹಾಕಿ ಮನೆಗೆ ಮರಳಿರುತ್ತಾರೆ. ಈ ಸಾಲಿನಲ್ಲಿ ಕಾಲುದಾರಿಯ ಬಳಕೆ ಗಣನೀಯವಾಗಿ ಹೆಚ್ಚಿದೆ ಎಂದು ಇಲಾಖೆ ಪ್ರಕಟಿಸಿದ ಅಂಕಿ ಅಂಶವು ಬಹುಪಾಲು ಈ ಒಬ್ಬರದೇ ಆಗಿರುತ್ತದೆ. ಕೊನೆಯ ಸುತ್ತಿನಲ್ಲಿ ಶ್ರೀಮತಿ ಟ್ರಿಫೀನಾ ಅವರು ಕಿಟಕಿಯಿಂದಲೇ ನೋಡಿ, "ಏನು ಬಂಗಾರ, ನಿನ್ನ ದ್ವೀಪ ಇನ್ನೂ ಅಲ್ಲೇ ಇದ್ಯಾ ಅಂತ ನೋಡ್ತಿದ್ಯಾ?" ಎಂದು ಕೇಳಿದರು. ಅಧಿಕಾರಿಯು "ಪರಿಶೀಲನೆಯಲ್ಲಿದೆ" ಎಂದುಬಿಟ್ಟರು.

೧೧. ಇಲಾಖೆಗೆ ನಾಚಿಕೆಯಾಗಿದೆ. ಇದನ್ನು ಕರ್ಮಣಿ ಪ್ರಯೋಗದಲ್ಲಿ ಬರೆಯಲು ಯತ್ನಿಸಲಾಯಿತು, ಆಗಲಿಲ್ಲ. ಆಕೆ ಹೋದರೆ ಕರಪತ್ರದಲ್ಲಿ ಬಂಡೆಗಳೂ ಮೀನೂ ಮಾತ್ರ ಉಳಿಯುತ್ತವೆ. ಅವು ಮನುಷ್ಯರು ಬರುವ ಮುಂಚೆಯೂ ಇಲ್ಲಿದ್ದವು.

೧೨. ಈ ಸುತ್ತೋಲೆಯ ಉಲ್ಲಂಘನೆಯನ್ನು ಗಂಭೀರವಾಗಿ ಪರಿಗಣಿಸಲಾಗುವುದು. ಹಿಂದಿನದರ ಪಾಲನೆಯನ್ನು ಅದಕ್ಕಿಂತ ಗಂಭೀರವಾಗಿ ಪರಿಗಣಿಸಲಾಗುವುದು.

(ಸಹಿ)
ಹೆಡ್ಲಿ ಸ್ನೂಕ್
ಅಧಿಕಾರಿ, ಗುಮಾಸ್ತ, ಜವಾನ ಹಾಗೂ ಫಲಕ ನೆಡುವವನು
ಅತಿಥಿ ಸೌಕರ್ಯ ಇಲಾಖೆ, ಮಿಟನ್ ದ್ವೀಪ

ಪ್ರತಿಗಳು:

೧. ಶ್ರೀ ಅಜರೈಯಾ ರೈಡೌಟ್ ಅವರಿಗೆ, ಅಕಾರ್ಡಿಯನ್ ಸಮೇತ ಹಾಜರಾಗುವ ಸೂಚನೆಯೊಂದಿಗೆ.

೨. ಅಂಗಡಿಯ ಶ್ರೀಮತಿ ಎಫಿ ಅವರಿಗೆ, ಗುಟ್ಟಾಗಿಡುವಂತೆ ಕೋರಿ. ಮಧ್ಯಾಹ್ನದೊಳಗೆ ಎಲ್ಲರಿಗೂ ತಲುಪುತ್ತದೆ.

೩. ಶ್ರೀ ಗಾರ್ಲಂಡ್ ಪೆಲ್ಲಿ ಅವರಿಗೆ, ಟಗರಿಗೆ ಓದಿಹೇಳುವ ಸಲುವಾಗಿ.

೪. ಏಡಿ ದೋಣಿಯಲ್ಲಿರುವ ಶ್ರೀ ಲಿಯಾಂಡರ್ ಅವರಿಗೆ, ವೈರ್‌ಲೆಸ್ ಮೂಲಕ: ದಡ ಸೇರಿದ ಕೂಡಲೇ ಅಕ್ಕನಿಗೆ ಮುಖ ತೋರಿಸುವುದು.

೫. ಶನಿವಾರದ ದೋಣಿಯ ನಾಯಕರಿಗೆ: ಕಟ್ಟೆಯ ಮೇಲೆ ಶ್ರೀಮತಿ ಟ್ರಿಫೀನಾ ಅವರ ಪೆಟ್ಟಿಗೆ ಕಂಡುಬಂದಲ್ಲಿ ಎಂಜಿನ್ ಕೆಟ್ಟಿದೆಯೆಂದು ಭಾವಿಸತಕ್ಕದ್ದು.

೬. ಕಚೇರಿ ಕಡತಕ್ಕೆ. ಕಡತ ಸೋರುತ್ತಿರುವ ಸೂರಿನ ಕೆಳಗಿದೆ.

೭. ಶ್ರೀಮತಿ ಟ್ರಿಫೀನಾ ಕೀಪಿಂಗ್ ಅವರಿಗೆ: ಪ್ರತಿ ಕಳುಹಿಸಿರುವುದಿಲ್ಲ. ಅಧಿಕಾರಿಯೇ ಈಗ ಹೊರಟಿದ್ದಾರೆ. ಎರಡೂ ಕೈ ಜೇಬಿನಲ್ಲಿರುತ್ತವೆ.