ನಿದ್ದೆ ಮಾಡಿದವರಿಗೆ ಮಾತ್ರ ಪರೀಕ್ಷೆ

ಸ್ಟೀಲ್ ತಟ್ಟೆ ನೆಲಕ್ಕೆ ಬಿತ್ತು, ಮಗು ಬೆಚ್ಚಲಿಲ್ಲ. ಅಷ್ಟೇ ಸಾಕಾಯಿತು.

"ಅಳಿಯಂದ್ರೇ, ಕೂಸಿಗೆ ಕಿವಿ ಕೇಳ್ಸಲ್ಲ!" ಅತ್ತೆ ತೀರ್ಪು ಕೊಟ್ಟೇಬಿಟ್ಟರು.

ಅಳಿಯ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಬಾಯಿ ತೆರೆದರೆ ಮೂರು ಬೀದಿಯಾಚೆಯ ನಾಯಿ ಎದ್ದು ಕೂರುತ್ತಿತ್ತು. ಅಂಥವನು ಅಂದು ಆರು ದಿನದ ಮಗಳನ್ನೆತ್ತಿಕೊಂಡು, ಹೆಂಡತಿ ಅತ್ತೆಯರೊಡನೆ ಸರ್ಕಾರಿ ಆಸ್ಪತ್ರೆಗೆ ಓಡಿದ.

ಕಿವಿ ಪರೀಕ್ಷೆಯ ಯಂತ್ರ ಅಲ್ಲಿಗೆ ಬರುತ್ತಿದ್ದುದು ವಾರಕ್ಕೊಂದೇ ದಿನ. ಕಾರಿಡಾರಿನಲ್ಲಿ ಹನ್ನೆರಡು ತಾಯಂದಿರು, ಹನ್ನೆರಡು ಅಳು.

"ಮಕ್ಕಳು ಮಲಗಿರ್ಬೇಕು, ಸುತ್ತ ಸದ್ದಿರ್ಬಾರ್ದು. ಬೆಳಗಿಂದ ಒಂದು ಮಗೂಗೂ ಮಾಡಕ್ಕಾಗಿಲ್ಲ. ಸಂಜೆ ಯಂತ್ರ ಹೊರಡುತ್ತೆ," ಎಂದಳು ಪರೀಕ್ಷೆಯ ಹುಡುಗಿ.

ಅವನು ಸದ್ದಿನ ಬೇಟೆಗೆ ಇಳಿದ. ಕಿರುಗುಟ್ಟುವ ಸ್ಟ್ರೆಚರ್ ಗಾಲಿಗೆ ಮಗುವಿನ ಎಣ್ಣೆ ಸುರಿದ. ತೊಟ್ಟಿಕ್ಕುವ ನಲ್ಲಿಗೆ ಕರವಸ್ತ್ರ ಕಟ್ಟಿದ. ಕಾವಲುಗಾರನ ರೇಡಿಯೋ ಆರಿಸಲು ಹೋಗಿ ಬೈಸಿಕೊಂಡ. "ಕಿವಿ ಹತ್ರ ಚಪ್ಪಾಳೆ ತಟ್ಟಿ ನೋಡಿ ಸಾರ್," ಎಂದು ಸಲಹೆ ಕೊಡಲು ಬಂದ ಆಯಾಳ ಕೈಗಳನ್ನೇ ಹಿಡಿದುಕೊಂಡ.

ಮೂರು ಗಂಟೆಗೆ ಕಾರಿಡಾರು ಕೊನೆಗೂ ಮೌನವಾಯಿತು. ಒಂದೊಂದಾಗಿ ಹನ್ನೆರಡೂ ಮಲಗಿದವು.

"ಮೊದಲು ನಿಮ್ಮದೇ ಬರ್ಲಿ," ಎಂದು ಹುಡುಗಿ ಪಿಸುಗುಟ್ಟಿ ಅವರನ್ನು ಕೋಣೆಯೊಳಗೆ ಕರೆದುಕೊಂಡಳು. ಯಂತ್ರದ ಮೆತ್ತನೆಯ ತುದಿಯನ್ನು ಮಲಗಿದ್ದ ಮಗುವಿನ ಕಿವಿಗಿಟ್ಟಳು. "ಒಳಕ್ಕೆ ಸಣ್ಣ ಸದ್ದು ಕಳಿಸ್ತೀವಿ. ಕಿವಿ ಚೆನ್ನಾಗಿದ್ರೆ ಅದೂ ಒಂದು ಸದ್ದು ವಾಪಸ್ ಕಳಿಸುತ್ತೆ."

"ಕಿವಿ ಮಾತಾಡುತ್ತಾ?"

"ಹೂಂ. ನಮಗೆ ಕೇಳ್ಸಲ್ಲ, ಇದಕ್ಕೆ ಕೇಳ್ಸುತ್ತೆ."

ಅವನು ಬಗ್ಗಿ ನೋಡಿದ. ಆಗಷ್ಟೇ ಬಿಚ್ಚಿದ ಚಿಗುರಿನಂಥ ಕಿವಿ. ಇನ್ನೂ ಯಾರೂ ಒಂದು ಮಾತನ್ನೂ ಕಲಿಸಿರಲಿಲ್ಲ, ಆದರೂ ಆಗಲೇ ಉತ್ತರ ಕೊಡುತ್ತಿತ್ತು. ಹೊಟ್ಟೆಪಾಡಿಗೆಂದು ಕೂಗಿ ಕೂಗಿ ಉತ್ತರ ಪಡೆಯುತ್ತಿದ್ದವನು, ಪಿಸುಮಾತಿಗಿಂತ ಚಿಕ್ಕದಾದ ಆ ಉತ್ತರದ ಮುಂದೆ ತನಗರಿವಿಲ್ಲದೆ ಕೈಮುಗಿದು ನಿಂತ. ಹಸಿರು ದೀಪ ಹೊತ್ತಿತು. ಇನ್ನೊಂದು ಕಿವಿ, ಮತ್ತೆ ಹಸಿರು.

"ಎರಡೂ ಚೆನ್ನಾಗಿವೆ."

"ಕೇಳ್ಸುತ್ತಂತೇ!"

ಕೂಗಿಬಿಟ್ಟಿದ್ದ. ಕಿಟಕಿಯ ಗಾಜು ಅದುರಿತು. ಹೊರಗೆ ಹನ್ನೆರಡು ಕೂಸುಗಳು ಒಟ್ಟಿಗೆ ಕಿಟಾರನೆ ಕಿರುಚಿಕೊಂಡವು. ಅವನ ಮಗಳು ಮಾತ್ರ ಕದಲಲಿಲ್ಲ.

"ನೋಡಿ! ಇಷ್ಟಕ್ಕೂ ಏಳ್ಲಿಲ್ಲ. ಯಂತ್ರನೇ ಕೆಟ್ಟಿದೆ!" ಎಂದರು ಅತ್ತೆ.

"ಯಂತ್ರ ಸರಿಯಾಗಿದೆ ಅಮ್ಮಾ," ಎಂದಳು ಹುಡುಗಿ ಹಣೆ ಒತ್ತಿಕೊಳ್ಳುತ್ತ. "ಹೊಟ್ಟೇಲಿದ್ದಾಗಿಂದ ಈ ಗಂಟಲು ಕೇಳಿದೆಯಲ್ಲ. ಅದಕ್ಕೆ ಇದೇ ಲಾಲಿ."

ಬಾಗಿಲು ತೆರೆಯಿತು. ಮೊದಲನೆಯ ತಾಯಿ ಅಳುವ ಕೂಸನ್ನು ತಂದು ಅವನ ತೋಳಿಗಿಟ್ಟಳು.

"ಎಬ್ಬಿಸಿದ್ದು ನೀವು. ಮಲಗಿಸೋದೂ ನೀವೇ."

ಅವಳ ಹಿಂದೆ ಹನ್ನೊಂದು ಮಂದಿ ಸಾಲಾಗಿ ನಿಂತಿದ್ದರು.