ಪರದೆ ಹಿಂದಿನ ಎರಡು ನಿಮಿಷ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿ ಹಳ್ಳಿ ತಿರುಗಿ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡುವ ನರ್ಸ್ ನಾನು. ಪರದೆಯ ಹಿಂದೆ ಅದು ಎರಡೇ ನಿಮಿಷದ ಕೆಲಸ. ಆದರೆ ಒಬ್ಬ ಹೆಂಗಸನ್ನು ಆ ಪರದೆಯವರೆಗೆ ಕರೆತರುವುದಕ್ಕೆ ಕೆಲವು ಸಲ ಎರಡು ತಿಂಗಳು ಹಿಡಿಯುತ್ತದೆ. ಆ ಎರಡು ತಿಂಗಳಲ್ಲಿ ನಗುವಂಥದ್ದು ಏನಾದರೂ ನಡೆದೇ ನಡೆಯುತ್ತದೆ. ನಡೆಯದಿದ್ದರೆ ನಾನು ಕೆಲಸ ಸರಿಯಾಗಿ ಮಾಡಿಲ್ಲವೇನೋ ಎಂದು ನನಗೇ ಅನುಮಾನ.

ಬಾಯಿ ಪರೀಕ್ಷೆ

ಹೆಮ್ಮರಗಾಲದ ಶಾಲೆಯಲ್ಲಿ ಕ್ಯಾಂಪ್ ಇತ್ತು. ಹಿಂದಿನ ದಿನವೇ ಅಲ್ಲಿನ ಆಶಾ ಕಾರ್ಯಕರ್ತೆಗೆ, "ಗರ್ಭಕೋಶದ ಬಾಯಿ ಪರೀಕ್ಷೆ ಅಂತ ಮನೆಮನೆಗೂ ಹೇಳಮ್ಮ" ಅಂದಿದ್ದೆ. ಹೊಸ ಹುಡುಗಿ. ಜಗಲಿ ಮೇಲೆ ಕೂತ ಮಾವಂದಿರ ಎದುರಿಗೆ ಆ ಮೊದಲನೇ ಪದ ಬಾಯಿಗೆ ಬರಲಿಲ್ಲವಂತೆ. ಅದೊಂದನ್ನು ಬಿಟ್ಟು, "ನಾಳೆ ಬಾಯಿ ಪರೀಕ್ಷೆ" ಅಂತ ಊರೆಲ್ಲ ಹೇಳಿ ಬಂದಿದ್ದಾಳೆ.

ಬೆಳಿಗ್ಗೆ ನೋಡಿದರೆ ಜನವೋ ಜನ. ಎಲೆಅಡಿಕೆ ಹಾಕುವವರು ನಲ್ಲಿ ಹತ್ತಿರ ಸಾಲಾಗಿ ನಿಂತು ಬಾಯಿ ಮುಕ್ಕಳಿಸುತ್ತಿದ್ದರು. ಹಲ್ಲುನೋವಿನ ಗಂಡಸರೂ ಇಬ್ಬರು ಬಂದಿದ್ದರು. ಮೊದಲು ಒಳಗೆ ಬಂದವರು ಐವತ್ತೈದರ ಆಸುಪಾಸಿನ ಒಬ್ಬ ತಾಯಿ. ಮೇಜು ಹತ್ತಿ ಮಲಗಿ, ಕಣ್ಣು ಮುಚ್ಚಿ, ಅಗಲವಾಗಿ ಬಾಯಿ ತೆರೆದರು.

"ಅವ್ವ, ಆ ಬಾಯಿ ಅಲ್ಲ," ಅಂದೆ.

"ನಂಗಿರದೇ ಒಂದ್ ಬಾಯಿ ಕನ ಕೂಸು."

ನಾವು ಗೋಡೆಗೆ ಅಂಟಿಸಿದ್ದ ಗರ್ಭಕೋಶದ ಚಿತ್ರ ತೋರಿಸಿ ವಿವರಿಸಿದೆ. ಅವರು ಎದ್ದು ಕೂತು ಬಹಳ ಹೊತ್ತು ನೋಡಿದರು. "ಆರು ಮಕ್ಳ ಎತ್ತಿವ್ನಿ. ಅಲ್ಲೊಂದ್ ಬಾಯದೆ ಅಂತ ಒಬ್ರೂ ಏಳ್ನಿಲ್ವಲ್ಲ," ಅಂದರು. ಆಮೇಲೆ ತಾವಾಗಿಯೇ ಮಲಗಿ ಪರೀಕ್ಷೆ ಮಾಡಿಸಿಕೊಂಡರು. ತೊಂದರೆ ಏನೂ ಇರಲಿಲ್ಲ.

ಅಷ್ಟರಲ್ಲಿ ವಿಷಯ ತಿಳಿದು ಹೊರಗಿನ ಸಾಲು ಮೆಲ್ಲಗೆ ಕರಗುತ್ತಿತ್ತು. ಈ ತಾಯಿ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದು ನನಗೂ ಕೇಳಿಸಿತು: "ಎಲ್ಲಿಗ್ ಓದೀರಿ, ನಿಂತ್ಕಳ್ರಮ್ಮಿ. ಮಾತಾಡೋ ಬಾಯ್ಗೆ ದಿನಾ ಎಲೆಅಡ್ಕೆ ಕೊಡ್ತೀರಿ. ಪಾಪ, ಮಾತಾಡ್ದೆ ಇರೋ ಬಾಯ ಒಂದ್ ದಿನನಾರೂ ಇಚಾರಿಸ್ಕಳಿ."

ಗೋಬಿ ಗಾಡಿ

ಹುಲ್ಲಹಳ್ಳಿ ಕಡೆಯ ಹೆಂಗಸರಿಗೆ ಬೇರೆಯದೇ ಭಯ. "ಒಳಗಡೆ ಆಸಿಡ್ ಹಾಕ್ತಾರಂತೆ" ಅಂತ ಸುದ್ದಿ ಹಬ್ಬಿತ್ತು. ಪರೀಕ್ಷೆಗೆ ನಾವು ಬಳಸುವುದು ತುಂಬ ನೀರು ಬೆರೆಸಿದ ಅಸಿಟಿಕ್ ಆಸಿಡ್. ಅದನ್ನು ಸವರಿ ಒಂದು ನಿಮಿಷ ಕಾದರೆ, ಕೆಟ್ಟ ಜಾಗ ಇದ್ದರೆ ಬೆಳ್ಳಗೆ ಕಾಣುತ್ತದೆ. ಯಾರೋ ಓದಿದ ಹುಡುಗಿ ಬಾಟಲಿ ಮೇಲಿನ ಹೆಸರು ನೋಡಿ ಊರಿಗೆ ಸಾರಿಬಿಟ್ಟಿದ್ದಳು.

ಸಭೆ ಸೇರಿಸಿ, "ಅದು ವಿನೆಗರ್ ಕಣ್ರಮ್ಮ. ಬಸ್ ಸ್ಟ್ಯಾಂಡ್ ಹತ್ರ ಗಾಡೀಲಿ ಗೋಬಿಗೆ ಹಾಕ್ತಾರಲ್ಲ, ಅದೇ," ಅಂದೆ. ಎಲ್ಲರೂ ನಕ್ಕರು. ಭಯ ಬಿಟ್ಟಿತು. ಆ ದಿನ ಊಟಕ್ಕೂ ಬಿಡುವಿಲ್ಲದಷ್ಟು ಕೆಲಸ.

ಮುಂದಿನ ವಾರ ಬಸ್ಸಿಳಿದರೆ ಗೋಬಿ ಗಾಡಿಯವನು ಕೈಮುಗಿದುಕೊಂಡು ಎದುರಿಗೇ ನಿಂತಿದ್ದಾನೆ. "ಸಿಸ್ಟರ್, ನನ್ ಮ್ಯಾಲೆ ನಿಮ್ಗೇನ್ ಕ್ವಾಪ? ಒಂದ್ ವಾರದಿಂದ ಒಂದ್ ಎಂಗ್ಸೂ ಗಾಡಿ ಅತ್ರ ಬತ್ತಿಲ್ಲ. ಬನ್ನಿ ಅಂದ್ರೆ, ಅದ ಎಲ್ಲಿಗ್ ಆಕ್ತಾರೆ ಅಂತ ನಮ್ಗ್ ಗೊತ್ತು ಬುಡಪ್ಪ ಅಂತ ನಕ್ಕಂಡ್ ಓಯ್ತಾರೆ."

ತಪ್ಪು ನನ್ನದೇ. ಗಾಡಿ ಮುಂದೆ ನಿಂತು ಗಟ್ಟಿಯಾಗಿ, "ಒಂದ್ ಪ್ಲೇಟ್ ಕೊಡಿ, ವಿನೆಗರ್ ಜಾಸ್ತಿ ಹಾಕಿ," ಅಂದೆ. ಬೆಳಿಗ್ಗೆ ಹತ್ತು ಗಂಟೆಗೆ, ತಿಂಡಿ ತಿಂದ ಹೊಟ್ಟೆಗೆ, ಎಲ್ಲರಿಗೂ ಕಾಣುವ ಹಾಗೆ ತಿನ್ನತೊಡಗಿದೆ. ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಅವರಲ್ಲೊಬ್ಬಳು ಪಕ್ಕದವಳಿಗೆ ಹೇಳಿದಳು: "ನೋಡಮ್ಮಿ, ಆಸ್ಪತ್ರೆ ಬಾಟ್ಲಿ ಕಳ್ದೋಗಿರ್ಬೇಕು. ಇವ್ನೇ ಕದ್ದವ್ನಾ ಅಂತ ನರ್ಸಮ್ಮ ರುಚಿ ನೋಡ್ತಾವ್ರೆ."

ರಿಪೋರ್ಟ್ ಕೇಳಿದ ಯಜಮಾನರು

ಇದು ಚಿಕ್ಕದು. ಹೆಂಡತಿಯ ಪರೀಕ್ಷೆಯಾದ ಮಾರನೇ ದಿನ ಒಬ್ಬರು ಫೋನ್ ಮಾಡಿದರು.

"ಏನ್ ಬಂತು ಮೇಡಂ?"

"ಎಲ್ಲಾ ನಾರ್ಮಲ್, ಚೆನ್ನಾಗಿದಾರೆ."

"ಇನ್ನೊಂದ್ಸಲ ನೋಡಿ ಮೇಡಂ. ನಾರ್ಮಲ್ ಆಗಿದ್ರೆ ದಿನಾ ನನ್ ಮೇಲ್ ಯಾಕ್ ಅಂಗ್ ರೇಗ್ತಾಳೆ?"

"ಅದು ಗೊತ್ತಾಗ್ಬೇಕಾದ್ರೆ ಪರೀಕ್ಷೆ ನಿಮಗೆ ಮಾಡ್ಬೇಕಾಗುತ್ತೆ," ಅಂದೆ. ಅವರು ಮತ್ತೆ ಫೋನ್ ಮಾಡಲಿಲ್ಲ.

ತಂಗಿ

ಬಿಳಿಗೆರೆಯ ಹತ್ತಿರ ಕೂಲಿ ಕೆಲಸದ ಒಬ್ಬರು, ನಲವತ್ತರ ವಯಸ್ಸು. ಪರೀಕ್ಷೆಯಲ್ಲಿ ಬಿಳಿ ಮಚ್ಚೆ ಕಂಡಿತು. "ಗುರುವಾರ ನಂಜನಗೂಡು ಆಸ್ಪತ್ರೆಗೆ ಬನ್ನಿ, ಡಾಕ್ಟ್ರು ನೋಡ್ತಾರೆ," ಅಂದೆ. ತಲೆಯಾಡಿಸಿದರು. ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ, ಅದರ ಮುಂದಿನದೂ ಇಲ್ಲ.

ಬಿಡಬಾರದು ಅಂತ ಮನೆಗೇ ಹೋದೆ. ಬಾಗಿಲು ಹಾಕಿತ್ತು. ಹೆಂಚಿನ ಸಂದಿಯಿಂದ ಒಲೆ ಹೊಗೆ ಬರುತ್ತಿತ್ತು. ಫೋನ್ ಮಾಡಿದೆ. ಒಳಗಡೆಯೇ ರಿಂಗಾಯಿತು. ಎತ್ತಿದವರು ಗಂಟಲು ಸಣ್ಣ ಮಾಡಿಕೊಂಡು, "ಅವ್ಳಿಲ್ಲ. ನಾನ್ ಅವ್ಳ ತಂಗಿ," ಅಂದರು.

"ನಿಮ್ಗೆಷ್ಟು ವಯಸ್ಸು?"

"ಮೂವತ್ತೆಂಟು."

"ನಿಮ್ದು ಪರೀಕ್ಷೆ ಆಗಿದ್ಯಾ?"

ಬಳೆ ಸದ್ದು ಬಾಗಿಲ ಹತ್ತಿರಕ್ಕೆ ಬಂತು.

"ಆಗಿಲ್ಲ ತಾನೆ? ಬಾಗಿಲು ತೆಗೀರಿ, ಹೆಸರು ಬರ್ಕೋತೀನಿ."

ಬಾಗಿಲು ತೆರೆಯಿತು. ಅವರು ನಗಲಿಲ್ಲ. ಹೊಸ್ತಿಲ ಹತ್ತಿರ ಕುಸಿದು ಕೂತರು. "ನಮ್ಮಕ್ಕ ಆಸ್ಪತ್ರೆಗೆ ನಡ್ಕಂಡ್ ಓದ್ಳು ಕನವ್ವ. ಆಂಬುಲೆನ್ಸಲ್ಲಿ ಎಣವಾಗ್ ಬಂದ್ಳು. ನಂಗೂ ಅದೇ ಅಂತ ಅವ್ರು ಏಳ್ಬುಟ್ರೆ ನಾನ್ ಏನ್ ಮಾಡ್ಲಿ?"

ನಾನೂ ಪಕ್ಕದಲ್ಲಿ ಕೂತೆ. "ಅಕ್ಕ ಆಸ್ಪತ್ರೆಗೆ ಯಾವಾಗ ಹೋದ್ರು?"

"ರಕ್ತ ನಿಲ್ದೆ, ಆಸ್ಗೆ ಇಡ್ದ್ ಮ್ಯಾಲೆ."

"ನಿಮ್ದು ಅಷ್ಟಕ್ಕೆ ಹೋಗೋಕೆ ಮುಂಚೆನೇ ಸಿಕ್ಕಿದೆ. ಅಷ್ಟಕ್ಕೆ ಹೋಗ್ಬಾರ್ದು ಅಂತಾನೇ ನಾನು ನಿಮ್ ಬೆನ್ನು ಬಿದ್ದಿರೋದು. ನೀವು ಬರೋತನಕ ನಾನು ಪ್ರತಿ ವಾರ ಇದೇ ಹೊಸ್ತಿಲ ಮೇಲೆ ಕೂತಿರ್ತೀನಿ."

ಗುರುವಾರ ಬೆಳಿಗ್ಗೆ ಏಳಕ್ಕೆ ಹೋಗಿ ನಾನೇ ಬಸ್ಸಿಗೆ ಹತ್ತಿಸಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಸೆರಗು ಹಿಡಿದುಕೊಂಡಿದ್ದರು. ಡಾಕ್ಟರು ನೋಡಿ, ಆ ಮಚ್ಚೆಯನ್ನು ಶಾಖದಿಂದ ಸುಟ್ಟು ಕಳಿಸಿದರು. ಚೀಟಿ ಮಾಡಿಸಿದ್ದಕ್ಕಿಂತ ಕಡಿಮೆ ಹೊತ್ತು. ಹೊರಗೆ ಬಂದವರು, "ಮುಗೀತಾ?" ಅಂತ ಎರಡು ಸಲ ಕೇಳಿದರು. ಮೂರನೇ ಸಲ ಕೇಳಲು ಹೋಗಿ ಅತ್ತರು.

ವರ್ಷದ ಮೇಲೆ ಮತ್ತೆ ನೋಡಿದಾಗ ಜಾಗ ಶುಭ್ರವಾಗಿತ್ತು. "ಎಲ್ಲಾ ಸರಿಹೋಗಿದೆ," ಅಂದೆ. ಸೀರೆ ಸರಿಮಾಡಿಕೊಳ್ಳುತ್ತ, ಮುಖದಲ್ಲಿ ನಗು ತೋರಿಸದೆ ಹೇಳಿದರು: "ಸರಿ ಕನವ್ವ. ನಮ್ ತಂಗಿಗೂ ಏಳ್ತೀನಿ."

ಕರೆತಂದವರು

ತಿ. ನರಸೀಪುರದ ಹತ್ತಿರ ಒಂದು ಹಳ್ಳಿಯ ಸಮುದಾಯ ಭವನ. ಮಹಿಳಾ ಸಂಘದ ಇಪ್ಪತ್ತು ಇಪ್ಪತ್ತೈದು ಜನ ಕೂತಿದ್ದಾರೆ. ಪರದೆ ಕಟ್ಟಿದೆ. ನಾನು ಕೆಲಸ ಕಲಿಸಿದ ಚಿಕ್ಕ ನರ್ಸ್ ಗ್ಲೌಸ್ ಹಾಕಿಕೊಂಡು ಸಿದ್ಧವಾಗಿದ್ದಾಳೆ. ಅರ್ಧ ಗಂಟೆ ನಾನು ಗಂಟಲು ಹರಿದುಕೊಂಡರೂ ಒಬ್ಬರೂ ಮೇಲೇಳಲಿಲ್ಲ.

ಕೊನೆಗೆ ಸಂಘದ ಅಧ್ಯಕ್ಷೆ ಕೇಳಿದರು. ಭತ್ತದ ನಾಟಿಗೆ ಹೆಂಗಸರ ಗುಂಪು ಕರೆದುಕೊಂಡು ಹೋಗುವ ಮೇಸ್ತ್ರಿ ಆಕೆ, ಗಟ್ಟಿ ಹೆಂಗಸು. "ನೀವ್ ಮಾಡಿಸ್ಕಂಡಿದ್ದೀರಾ ಸಿಸ್ಟರ್?"

ನನಗೆ ನಲವತ್ತೆಂಟು ವರ್ಷ. ಸುಳ್ಳು ಹೇಳೋಣ ಅನ್ನಿಸಿತು. ಆಗಲಿಲ್ಲ. "ಇಲ್ಲ," ಅಂದೆ.

"ಯಾಕೆ?"

"ಟೈಮ್ ಸಿಕ್ಕಿಲ್ಲ."

"ನಮ್ಗೂ ನಾಟಿ ಅದೆ."

"ನಂಗೇನೂ ತೊಂದ್ರೆ ಕಾಣಿಸ್ತಿಲ್ಲ."

"ನಮ್ಗೂ ಕಾಣ್ತಿಲ್ಲ."

"ಇನ್ನೊಂದ್ ದಿನ ಮಾಡಿಸ್ಕೋತೀನಿ."

"ಅಂಗಾರೆ ನಾವೂ ಇನ್ನೊಂದ್ ದಿನ ಬತ್ತೀವಿ," ಅಂದು ಆಕೆ ಎದ್ದರು. ಹಿಂದೆಯೇ ಇಡೀ ಸಂಘ ಎದ್ದಿತು.

ಇವತ್ತು ಹೋದರೆ ಇವರು ಮತ್ತೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. "ಕೂತ್ಕೊಳಿ," ಅಂದೆ. ಚಪ್ಪಲಿ ಬಿಟ್ಟು ಪರದೆಯ ಹಿಂದೆ ಹೋಗಿ ಮಲಗಿದೆ.

"ಸಡಿಲ ಬಿಡಿ ಮೇಡಂ," ಅಂದಳು ಚಿಕ್ಕವಳು. ಎಷ್ಟೋ ವರ್ಷದಿಂದ ನಾನು ಎಲ್ಲರಿಗೂ ಹೇಳುತ್ತ ಬಂದ ಮಾತು ಅದು. ಹಾಗೆ ಹೇಳಿದರೆ ಯಾರಿಗೂ ಸಡಿಲ ಬಿಡುವುದಕ್ಕೆ ಆಗುವುದಿಲ್ಲ ಎಂದು ಆ ದಿನ ತಿಳಿಯಿತು.

ಹೊರಗಿನಿಂದ ಮೇಸ್ತ್ರಿಯ ದನಿ: "ಅಳ್ತಾವ್ರಾ?"

"ಇಲ್ಲ, ನನ್ನ ಬಯ್ತಾ ಇದಾರೆ," ಅಂದಳು ಚಿಕ್ಕವಳು.

"ಅಂಗಾರೆ ಉಸಾರಾಗವ್ರೆ. ಮುಂದ್ವರ್ಸು."

ಏನೂ ಕಾಣಲಿಲ್ಲ, ಎಲ್ಲ ಸರಿಯಾಗಿತ್ತು. ನಾನು ಹೊರಗೆ ಬಂದಾಗ ಮೇಸ್ತ್ರಿಯೇ ಕುರ್ಚಿ ಹಾಕಿ ಕೂರಿಸಿ, ನಾವು ಅವರಿಗೆಂದು ತಂದಿದ್ದ ಬಿಸ್ಕತ್ತನ್ನು ನನಗೇ ಕೊಟ್ಟರು. ಆಮೇಲೆ ಸೆರಗು ಬಿಗಿದು ತಾವೇ ಮೊದಲು ಒಳಗೆ ಹೋಗಿ ಬಂದರು. ಹಿಂದೆ ಸಾಲು ಬೆಳೆಯಿತು. ಆ ದಿನ ಒಬ್ಬರೂ ಹಾಗೇ ಮನೆಗೆ ಹೋಗಲಿಲ್ಲ.

ನಾನು ರಿಜಿಸ್ಟರ್ ತೆಗೆದು ಒಂದನೇ ನಂಬರಿಗೆ ನನ್ನ ಹೆಸರು, ವಯಸ್ಸು, ಊರು ಬರೆದೆ. ಕೊನೆಯ ಕಾಲಂಗೆ ಬಂದು ಪೆನ್ನು ನಿಂತಿತು. ಮೇಸ್ತ್ರಿ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ಅಲ್ಲೇನ್ ಬರೀಬೇಕು?"

"ಕರೆತಂದವರ ಹೆಸರು."

"ಮತ್ಯಾಕ್ ಯೋಚ್ನೆ ಮಾಡೀರಿ? ನನ್ನೆಸ್ರು ಬರೀರಿ," ಅಂದರು. ಬರೆದೆ. ತಪ್ಪಿಲ್ಲದೆ ಬರೆದಿದ್ದೇನೆಯೇ ಎಂದು ಆಕೆ ಒಂದೊಂದೇ ಅಕ್ಷರ ಕೂಡಿಸಿ ಓದಿ ನೋಡಿದರು. ಆಮೇಲೆ ನನ್ನ ಬೆನ್ನು ತಟ್ಟಿ, ದನಿ ತಗ್ಗಿಸಿ ಕೇಳಿದರು: "ನಿಮ್ ಆಸ್ಪತ್ರೇಲಿ ಇನ್ನೂ ಯಾರ್ಯಾರು ತಪ್ಪಿಸ್ಕಂಡವ್ರೆ ಏಳಿ. ಮುಂದಿನ್ ಸೋಮವಾರ ನಂಗೆ ನಾಟಿ ಇಲ್ಲ, ಎಲ್ರನೂ ಇಡ್ಕಂಡ್ ಬತ್ತೀನಿ."